ನಚಿಕೇತನ ವಯಸ್ಸಿನವರಿಗೆ

ನಗರದ ಮನೆಗಳಲ್ಲಿ ರಾಮಾಯಣ, ಮಹಾಭಾರತ, ಉಪನಿಷತ್ತುಗಳಿಗೆ ಸ್ಥಳವಿಲ್ಲವೆಂದು ಯಾರೂ ದೂರುವಂತಿಲ್ಲ. ನಡುಮನೆಯ ಗಾಜಿನ ಕಪಾಟಿನಲ್ಲಿ ಅವು ಬಂಗಾರದ ಅಕ್ಷರಗಳ ರಟ್ಟನ್ನು ಹೊದ್ದು, ಒಂದಕ್ಕೊಂದು ಹೆಗಲು ತಾಗಿಸಿ, ಮದುವೆಮನೆಯ ಬಾಗಿಲಲ್ಲಿ ನಿಂತ ಹಿರಿಯರಂತೆ ಗಂಭೀರವಾಗಿ ನಿಂತಿರುತ್ತವೆ. ನವರಾತ್ರಿಯ ಸರಸ್ವತೀ ಪೂಜೆಯಂದು ಕೆಳಗಿಳಿದು ಬಂದು ಅರಿಸಿನ ಕುಂಕುಮಗಳನ್ನು ಸ್ವೀಕರಿಸುತ್ತವೆ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆರೆಯಬಾರದೆಂಬುದು ಹಳೆಯ ರೂಢಿ. ಎರಡು ಮೂರು ದಿನಗಳ ಈ ನಿಯಮವನ್ನು ವರ್ಷವಿಡೀ ನಿಷ್ಠೆಯಿಂದ ಪಾಲಿಸಿಕೊಂಡು ಬರುವ ಮನೆಗಳು ಕಡಮೆಯೇನಲ್ಲ.

ಆ ಮನೆಯ ಮಗುವಿನ ದೃಷ್ಟಿಯಲ್ಲಿ ಈ ಗ್ರಂಥಗಳು ಪೀಠೋಪಕರಣದ ಒಂದು ಭಾಗ. ಮುಟ್ಟಿದರೆ, ಕೈ ತೊಳೆದೆಯಾ ಎಂಬ ಪ್ರಶ್ನೆ. ತೆರೆದರೆ, ಹಾಳೆ ಹರಿದೀತು ಎಂಬ ಎಚ್ಚರಿಕೆ. ಅದರ ಕೈಗೆ ಸುಲಭವಾಗಿ ಎಟಕುವುದು ಬೇರೆಯ ಲೋಕ: ಕೈಯಗಲದ ಗಾಜಿನ ಮೇಲೆ ಕ್ಷಣಕ್ಕೊಂದು ಬಣ್ಣದಲ್ಲಿ ಕುಣಿಯುವ ಚಿತ್ರಗಳು. ಅಲ್ಲಿಯೂ ಹನುಮಂತನಿದ್ದಾನೆ, ಘಟೋತ್ಕಚನಿದ್ದಾನೆ. ಆದರೆ ಚಿತ್ರ ಓಡುತ್ತಿರುವಾಗ ನಡುವೆ ತಡೆದು, ‘ಹಾಗಾದರೆ ಲಂಕೆಯಲ್ಲಿದ್ದ ಚಿಕ್ಕ ಮಕ್ಕಳ ಮನೆಯೂ ಸುಟ್ಟುಹೋಯಿತೆ?’ ಎಂದು ಕೇಳಿದರೆ ಆ ಗಾಜು ಉತ್ತರ ಕೊಡುವುದಿಲ್ಲ. ಅದಕ್ಕೆ ಮುಂದಿನ ಚಿತ್ರದ ಅವಸರ.

ಹಿಂದೆ ಈ ಪ್ರಶ್ನೆಗೆ ಮನೆಯಲ್ಲಿಯೇ ಒಬ್ಬರು ಅಧಿಕೃತರಿದ್ದರು. ಅಜ್ಜಿಗೆ ಅಕ್ಷರ ಬರುತ್ತಿತ್ತೋ ಇಲ್ಲವೋ, ಹದಿನೆಂಟು ಪರ್ವಗಳು ಬರುತ್ತಿದ್ದುವು. ಕೈತುತ್ತಿನ ಒಂದೊಂದು ಉಂಡೆಗೆ ಭೀಮನ ಒಂದೊಂದು ಸಾಹಸವನ್ನು ಅಳೆದುಕೊಡುವ ಲೆಕ್ಕ ಆಕೆಗೆ ಗೊತ್ತಿತ್ತು. ಮನೆಯಿಂದ ಹೊರಗೆ ಹೋದರೆ ದೇವಸ್ಥಾನದ ಜಗಲಿಯಲ್ಲಿ ಗಮಕಿಗಳು ಕುಮಾರವ್ಯಾಸನನ್ನು ಹಾಡುತ್ತಿದ್ದರು, ಪಕ್ಕದಲ್ಲಿ ಒಬ್ಬರು ಅರ್ಥ ಹೇಳುತ್ತಿದ್ದರು. ರಾಮನವಮಿಗೆ ಹರಿಕಥೆ, ಸುಗ್ಗಿಯ ನಂತರ ಬಯಲಾಟ, ಕರಾವಳಿಯಲ್ಲಿ ಯಕ್ಷಗಾನ. ಮಗು ಅಪ್ಪನ ತೊಡೆಯ ಮೇಲೆ ನಿದ್ದೆಹೋಗಿ, ಚಂಡೆಯ ಸದ್ದಿಗೆ ಎಚ್ಚೆತ್ತು, ಕಂಸನೋ ಕೀಚಕನೋ ಸಾಯುವುದನ್ನು ಕಂಡು ಮತ್ತೆ ನಿದ್ದೆಹೋಗುತ್ತಿತ್ತು. ಯಾರೂ ಅದಕ್ಕೆ ಕಲಿಸುತ್ತಿರಲಿಲ್ಲ, ಅದು ಕಲಿಯುತ್ತಿತ್ತು.

ಈಗ ಅಜ್ಜಿ ಇನ್ನೊಂದು ಊರಿನಲ್ಲಿದ್ದಾಳೆ, ಅಥವಾ ಇದೇ ಮನೆಯಲ್ಲಿದ್ದರೂ ಆಕೆಯ ಕನ್ನಡಕ್ಕೂ ಮೊಮ್ಮಗುವಿನ ಶಾಲೆಯ ಇಂಗ್ಲಿಷಿಗೂ ನಡುವೆ ಸೇತುವೆ ಕಟ್ಟುವವರಿಲ್ಲ. ಅಜ್ಜಿ ತೆರವು ಮಾಡಿದ ಸ್ಥಾನದಲ್ಲಿ ಬಂದು ಕುಳಿತದ್ದು ಪುಸ್ತಕ. ಅದು ಹೇಗೆ ಬಂದಿತು, ಆ ಸ್ಥಾನಕ್ಕೆ ಎಷ್ಟು ತಕ್ಕುದಾಗಿದೆ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಕನ್ನಡದ ಮಟ್ಟಿಗೆ ಈ ಕೆಲಸಕ್ಕೆ ಕೈಹಾಕಿದವರು ಸಾಮಾನ್ಯರಲ್ಲ. ಎ. ಆರ್. ಕೃಷ್ಣಶಾಸ್ತ್ರಿಗಳು 1950ರಲ್ಲಿ ‘ವಚನ ಭಾರತ’ವನ್ನು ಹೊರತಂದರು. ಒಂದು ಲಕ್ಷ ಶ್ಲೋಕಗಳೆಂದು ಹೆಸರಾದ ಕಥೆಯನ್ನು ಒಂದೇ ಸಂಪುಟದ ತಿಳಿಯಾದ ಗದ್ಯಕ್ಕೆ ಇಳಿಸುವುದೆಂದರೆ ಸಮುದ್ರವನ್ನು ಕೊಡಕ್ಕೆ ತುಂಬಿದಂತೆ. ಆದರೆ ಕೊಡದ ನೀರಿನಲ್ಲಿ ಉಪ್ಪಿನ ರುಚಿ ಉಳಿದಿತ್ತು. ‘ಶ್ರೀ ರಾಮಾಯಣ ದರ್ಶನಂ’ ಬರೆದ ಕುವೆಂಪು ಅವರು ಬೇರೆಯಾಗಿ ‘ಜನಪ್ರಿಯ ವಾಲ್ಮೀಕಿ ರಾಮಾಯಣ’ವನ್ನೂ ಕೊಟ್ಟರು. ಮಹಾಕಾವ್ಯವನ್ನು ರಚಿಸಬಲ್ಲವರು ಮೂಲದ ಕಥೆಯನ್ನು ಸರಳವಾಗಿ ಹೇಳುವುದನ್ನು ಕೀಳೆಂದು ಬಗೆಯಲಿಲ್ಲ. ದೇವುಡು ನರಸಿಂಹಶಾಸ್ತ್ರಿಗಳು ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’, ‘ಮಹಾದರ್ಶನ’ಗಳಲ್ಲಿ ವಿಶ್ವಾಮಿತ್ರ, ನಹುಷ, ಯಾಜ್ಞವಲ್ಕ್ಯರನ್ನು ಕಾದಂಬರಿ ಓದುವ ಮನೆಗಳಿಗೆ ಕರೆತಂದರು. ಇವು ಎಳೆಯರ ಪುಸ್ತಕಗಳಲ್ಲ. ಆದರೆ ಎಳೆಯರಿಗೆ ಕಥೆ ಹೇಳಬೇಕಾದ ತಾಯಿತಂದೆಯರ ಪುಸ್ತಕಗಳು ಹೌದು.

ಎಳೆಯರ ಕೈಗೆ ನೇರವಾಗಿ ಬಂದದ್ದು ‘ಚಂದಮಾಮ’. 1947ರಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ 1949ರಲ್ಲಿ ಕನ್ನಡಕ್ಕೆ ಬಂದ ಆ ಮಾಸಪತ್ರಿಕೆ ಈಗ ನಿಂತುಹೋಗಿದ್ದರೂ, ಎಂ. ಟಿ. ವಿ. ಆಚಾರ್ಯರ ವರ್ಣಚಿತ್ರಗಳಲ್ಲಿ ಕಂಡ ಭೀಷ್ಮನನ್ನು, ಕರ್ಣನನ್ನು ಇಂದಿಗೂ ಕಣ್ಣಿನಲ್ಲಿಟ್ಟುಕೊಂಡಿರುವ ಹಿರಿಯರಿದ್ದಾರೆ. 1967ರ ಸುಮಾರಿಗೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ‘ಅಮರ ಚಿತ್ರಕಥೆ’ಯ ಮೂಲಕ ಕೃಷ್ಣನನ್ನು ಚಿತ್ರಪಟ್ಟಿಕೆಗಳಿಗೆ ತಂದರು. ಆ ಮಾಲೆಯ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳಿಗೆ ಸಂದಿದ್ದುವು. ಕೃಷ್ಣ ಬಂದದ್ದು ಹನ್ನೊಂದನೆಯವನಾಗಿ. ಮಕ್ಕಳು ಅವನನ್ನೇ ಆರಿಸಿಕೊಂಡರು. ಬಳಿಕ ಬೆಂಗಳೂರಿನ ರಾಷ್ಟ್ರೋತ್ಥಾನದವರು ಪ್ರೊ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ‘ಭಾರತ ಭಾರತಿ’ ಮಾಲೆಯ ಐದು ನೂರಕ್ಕೂ ಹೆಚ್ಚು ಕಿರುಹೊತ್ತಗೆಗಳನ್ನು ಹೊರಡಿಸಿದರು. ಜೇಬಿನಲ್ಲಿ ಹಿಡಿಯುವ ಆ ಪುಸ್ತಕಗಳನ್ನು ಬಸ್ಸಿನಲ್ಲಿ, ಶಾಲೆಯ ಹಿಂದಿನ ಬೆಂಚಿನಲ್ಲಿ, ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಒಂದು ತಲೆಮಾರು ಓದಿತು.

ಪುಸ್ತಕಗಳಿಗೆ ಕೊರತೆಯಿಲ್ಲವೆಂದ ಮೇಲೆ ತೊಡಕು ಇರುವುದು ಆಯ್ಕೆಯಲ್ಲಿ. ಪ್ರಾಚೀನ ಗ್ರಂಥಗಳನ್ನು ಮಕ್ಕಳಿಗೆ ಕೊಡುವುದೆಂದರೆ ಯುದ್ಧ, ವರ, ಶಾಪಗಳನ್ನು ಕೊಡುವುದೆಂಬ ಭಾವನೆ ಬಲವಾಗಿದೆ. ಬಿಲ್ಲುಬಾಣಗಳು ಬೇಡವೆಂದಲ್ಲ, ಎಂಟು ವರ್ಷದ ಹುಡುಗನಿಗೆ ಅವು ಬೇಕೇ ಬೇಕು. ಆದರೆ ಆ ಗ್ರಂಥಗಳ ಒಳಗೆ ಮಕ್ಕಳಿಗಾಗಿಯೇ ಎಂಬಂತೆ ತೆರೆದಿಟ್ಟ ಚಿಕ್ಕ ಬಾಗಿಲುಗಳಿವೆ. ದೊಡ್ಡವರು ಮಹಾದ್ವಾರದಲ್ಲಿಯೇ ನಿಂತು ಕೈಮುಗಿಯುತ್ತಿರುವುದರಿಂದ ಅವು ಕಣ್ಣಿಗೆ ಬೀಳುವುದಿಲ್ಲ.

ಮಹಾಭಾರತದ ಆರಂಭವನ್ನೇ ನೋಡಬಹುದು. ಕುರುಕ್ಷೇತ್ರದಲ್ಲಿ ಜನಮೇಜಯನ ಸತ್ರ ನಡೆಯುತ್ತಿದೆ. ಅಲ್ಲಿಗೊಂದು ನಾಯಿಮರಿ ಬರುತ್ತದೆ. ಅರಸನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತ ತಾಯಿ ಸರಮೆಯ ಬಳಿಗೆ ಹೋಗುತ್ತದೆ. ನೀನೇನಾದರೂ ತಪ್ಪು ಮಾಡಿದ್ದಿರಬೇಕು ಎನ್ನುತ್ತಾಳೆ ತಾಯಿ. ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಎನ್ನುತ್ತದೆ ಮರಿ. ಸರಮೆ ನೇರವಾಗಿ ಯಾಗಶಾಲೆಗೆ ಹೋಗಿ, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬರಿಗೂ ಉತ್ತರವಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸಿ ಆಕೆ ಹೊರಟುಹೋಗುತ್ತಾಳೆ, ರಾಜಾಧಿರಾಜ ನಡುಗುತ್ತಾನೆ. ಇಂಥ ಕಥೆಯನ್ನು ಅರ್ಥಮಾಡಿಕೊಳ್ಳಲು ಮಗುವಿಗೆ ಯಾವ ಭಾಷ್ಯವೂ ಬೇಕಾಗಿಲ್ಲ. ತಪ್ಪಿಲ್ಲದೆ ಏಟು ತಿಂದ ಅನುಭವ ಯಾವ ಮಗುವಿಗಿಲ್ಲ? ಅದೇ ಗ್ರಂಥದ ಕೊನೆಯಲ್ಲಿ, ಹಿಮಾಲಯದ ದಾರಿಯಲ್ಲಿ ಹೆಂಡತಿ ತಮ್ಮಂದಿರೆಲ್ಲ ಬಿದ್ದ ಮೇಲೆ ಧರ್ಮರಾಯನ ಜೊತೆಗೆ ಉಳಿಯುವುದೂ ಒಂದು ನಾಯಿ. ಅದನ್ನು ಬಿಟ್ಟು ಸ್ವರ್ಗದ ರಥವನ್ನು ಏರಲಾರೆನೆಂದು ಅವನು ನಿಂತುಬಿಡುತ್ತಾನೆ. ನಾಯಿಯನ್ನು ಹೊಡೆದ ಅರಮನೆಯಿಂದ ನಾಯಿಗಾಗಿ ಸ್ವರ್ಗವನ್ನು ತಡೆದು ನಿಲ್ಲಿಸಿದ ಅರಸನವರೆಗೆ ಹರಡಿದೆ ಈ ಮಹಾಕಥೆ ಎಂದು ತಿಳಿದ ಮಗು ಬೀದಿಯ ನಾಯಿಯನ್ನು ನೋಡುವ ಬಗೆಯೇ ಬೇರೆಯಾದೀತು.

ಅಶ್ವಮೇಧಿಕ ಪರ್ವದಲ್ಲಿ ಒಂದು ಮುಂಗುಸಿ ಬರುತ್ತದೆ. ಅದರ ಮೈಯ ಅರ್ಧ ಬಂಗಾರ. ಧರ್ಮರಾಯನ ಯಾಗವನ್ನು ಎಲ್ಲರೂ ಹೊಗಳುತ್ತಿರುವಾಗ ಅದು, ಬರಗಾಲದಲ್ಲಿ ತಮ್ಮ ಪಾಲಿನ ಹಿಡಿ ಹಿಟ್ಟನ್ನು ಅತಿಥಿಗೆ ಕೊಟ್ಟು ಹಸಿದು ಉಳಿದ ಬಡ ಕುಟುಂಬವೊಂದರ ದಾನಕ್ಕೆ ಈ ಯಾಗ ಸಮನಲ್ಲವೆಂದು ಸಾರುತ್ತದೆ. ಆ ಹಿಟ್ಟಿನ ಸೋಂಕಿನಿಂದ ಮೈಯ ಅರ್ಧ ಚಿನ್ನವಾಯಿತು. ಉಳಿದರ್ಧಕ್ಕಾಗಿ ಯಾಗದಿಂದ ಯಾಗಕ್ಕೆ ಅಲೆದರೂ ಫಲವಿಲ್ಲ. ತನ್ನ ನಾಯಕನ ವೈಭವವನ್ನು ಮುಂಗುಸಿಯೊಂದರ ಬಾಯಿಂದ ಅಲ್ಲಗಳೆಯಿಸುವ ಧೈರ್ಯ ಎಷ್ಟು ಗ್ರಂಥಗಳಿಗಿದೆ?

ವೇದವೆಂದರೆ ಮಕ್ಕಳಿಗೆ ಎಟಕದ್ದು ಎಂಬುದೂ ಪೂರ್ತಿ ನಿಜವಲ್ಲ. ಋಗ್ವೇದದ ಹತ್ತು ಮಂಡಲಗಳ 1028 ಸೂಕ್ತಗಳಲ್ಲಿ ಒಂದು ಕಪ್ಪೆಗಳಿಗೆ ಮೀಸಲು. ವರ್ಷವೆಲ್ಲ ಮೌನವಾಗಿದ್ದು ಮಳೆ ಬಿದ್ದೊಡನೆ ದನಿ ತೆಗೆಯುವ ಕಪ್ಪೆಗಳನ್ನು, ಗುರು ಹೇಳಿದ್ದನ್ನು ಮತ್ತೆ ಹೇಳುವ ಶಿಷ್ಯರಿಗೆ ಹೋಲಿಸಿದ್ದಾನೆ ಋಷಿ. ಮಗ್ಗಿಯನ್ನು ಒಕ್ಕೊರಲಿನಿಂದ ಒಪ್ಪಿಸಿದ ಯಾವ ಮಗುವೂ ಇದನ್ನು ಕೇಳಿ ನಗದಿರಲಾರದು. ಇನ್ನೊಂದೆಡೆ ವಿಶ್ವಾಮಿತ್ರ ವಿಪಾಶ, ಶುತುದ್ರೀ ಎಂಬ ನದಿಗಳ ದಡದಲ್ಲಿ ನಿಂತು ದಾಟಲು ದಾರಿ ಕೊಡಿರೆಂದು ಕೇಳುತ್ತಾನೆ. ನದಿಗಳು ಮಾತಾಡುತ್ತವೆ, ಕೊನೆಗೆ ಬಾಗುತ್ತವೆ. ಭೂಗೋಳದ ಪುಸ್ತಕದಲ್ಲಿ ಬಿಯಾಸ್, ಸಟ್ಲೆಜ್ ಎಂಬ ಹೆಸರುಗಳನ್ನು ಉರುಹೊಡೆಯುವ ಹುಡುಗಿಗೆ ಅವು ಒಂದು ಕಾಲದಲ್ಲಿ ಋಷಿಯೊಡನೆ ವಾದಿಸಿದ ನದಿಗಳೆಂದು ತಿಳಿಸಿದರೆ ಭೂಪಟಕ್ಕೆ ಜೀವ ಬರುತ್ತದೆ.

ಉಪನಿಷತ್ತುಗಳಲ್ಲಂತೂ ಬಾಲಕರದೇ ಕೋಲಾಹಲ. ನಚಿಕೇತ ತಂದೆಯ ದಾನವನ್ನು ನೋಡುತ್ತಾನೆ: ಹಾಲು ಬತ್ತಿದ ಮುದಿ ಹಸುಗಳು. ಹಾಗಾದರೆ ನನ್ನನ್ನು ಯಾರಿಗೆ ಕೊಡುವೆ ಎಂದು ಒಂದು ಸಲವಲ್ಲ, ಮೂರು ಸಲ ಕೇಳುತ್ತಾನೆ. ತಂದೆ ಸಿಟ್ಟಿನಿಂದ ಯಮನಿಗೆ ಎನ್ನುತ್ತಾನೆ. ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದ ಹುಡುಗ ಕೇಳುವ ಮೊದಲ ವರವೇನು? ಮನೆಗೆ ಹಿಂದಿರುಗಿದಾಗ ಅಪ್ಪನ ಕೋಪ ಇಳಿದಿರಲಿ ಎಂಬುದು. ಸಾವಿನ ಗುಟ್ಟನ್ನು ಬಿಡಿಸುವ ಉಪನಿಷತ್ತು ಹುಡುಗನ ಈ ಸಣ್ಣ ಅಂಜಿಕೆಯನ್ನು ಮರೆತಿಲ್ಲ. ಸತ್ಯಕಾಮ ಗುರುಕುಲಕ್ಕೆ ಹೊರಟಾಗ ತಾಯಿ ಜಬಾಲೆಯನ್ನು ಗೋತ್ರ ಯಾವುದೆಂದು ಕೇಳುತ್ತಾನೆ. ತನಗೆ ತಿಳಿಯದೆಂದು ಆಕೆ ಇದ್ದುದನ್ನು ಇದ್ದಂತೆ ಹೇಳುತ್ತಾಳೆ. ಅವನು ಅದನ್ನೇ ಗುರುವಿನ ಮುಂದೆ ಹೇಳುತ್ತಾನೆ. ಗುರು ಅವನಿಗೆ ನಾಲ್ಕು ನೂರು ಬಡಕಲು ಹಸುಗಳನ್ನು ಒಪ್ಪಿಸುತ್ತಾನೆ. ಅವು ಸಾವಿರವಾಗುವವರೆಗೆ ಹಿಂದಿರುಗೆನೆಂದು ಹುಡುಗ ಕಾಡಿಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಪಾಠ ಹೇಳುವವರು ಒಂದು ಗೂಳಿ, ಬೆಂಕಿ, ಒಂದು ಹಂಸ, ಒಂದು ನೀರುಹಕ್ಕಿ. ಮಕ್ಕಳ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಪಾತ್ರವರ್ಗವನ್ನು ಯಾರು ಕಲ್ಪಿಸಿಯಾರು?

ಇಲ್ಲಿಯೇ ಸುಲಭ ಪುಸ್ತಕಗಳ ದೋಷವೂ ಎದುರಾಗುತ್ತದೆ. ಸುಲಭವಾಗಿಸುವ ಭರದಲ್ಲಿ ಅನೇಕರು ಮೂಲವನ್ನು ನುಣುಪಾಗಿಸಿಬಿಡುತ್ತಾರೆ. ಜಬಾಲೆಯ ಉತ್ತರ ಮುಜುಗರವೆಂದು ಅದನ್ನು ಮಬ್ಬಾಗಿಸುತ್ತಾರೆ. ಆಗ ಹುಡುಗ ಯಾವ ಸತ್ಯವನ್ನು ಹೇಳಿದನೆಂಬುದೇ ತಿಳಿಯದೆ ಕಥೆ ಉಸಿರುಕಟ್ಟುತ್ತದೆ. ದೇವತೆಗಳು ಬೆಳ್ಳಗೆ, ರಾಕ್ಷಸರು ಕಪ್ಪಗೆ ಎಂದು ಬಣ್ಣ ಹಚ್ಚುತ್ತಾರೆ. ಕೃಷ್ಣ, ವ್ಯಾಸ, ದ್ರೌಪದಿ ಮೂವರೂ ಕಪ್ಪೆಂದು ಮೂಲವೇ ಹೇಳುವುದನ್ನು ಮರೆಯುತ್ತಾರೆ. ಪುಟದ ಕೊನೆಗೆ ಒಂದು ನೀತಿಯನ್ನು ಔಷಧದ ಗುಳಿಗೆಯಂತೆ ಅಂಟಿಸುತ್ತಾರೆ. ನೀತಿ ಬರುವ ಪುಟ ಯಾವುದೆಂದು ಮಕ್ಕಳಿಗೆ ಬಹುಬೇಗ ತಿಳಿದುಹೋಗುತ್ತದೆ. ಅವರು ಅದಕ್ಕೆ ಒಂದು ಪುಟ ಮೊದಲೇ ಪುಸ್ತಕವನ್ನು ಮುಚ್ಚುತ್ತಾರೆ.

ಇದೆಲ್ಲಕ್ಕಿಂತ ಕಠಿನವಾದ ಪರೀಕ್ಷೆ ಏಕಲವ್ಯನದು. ಕಥೆ ಹೇಳುವ ತಂದೆಗೆ ಅಲ್ಲಿಯವರೆಗೆ ದಾರಿ ಸುಗಮ. ಕಾಡಿನ ಹುಡುಗ, ಮಣ್ಣಿನ ಮೂರ್ತಿ, ಗುರಿ ತಪ್ಪದ ಬಾಣ. ಆಮೇಲೆ ಹೆಬ್ಬೆರಳು. ಹತ್ತು ವರ್ಷದ ಮಗಳು ಕೇಳುತ್ತಾಳೆ: ‘ದ್ರೋಣರು ಅವನಿಗೆ ಕಲಿಸಲೇ ಇಲ್ಲವಲ್ಲ, ಮತ್ತೆ ದಕ್ಷಿಣೆ ಏಕೆ?’ ಗುರುಭಕ್ತಿ ಎಂದರೆ ಹಾಗಮ್ಮಾ ಎಂದು ಹೇಳಿ ದೀಪ ಆರಿಸುವುದು ಸುಲಭ. ಬಹಳ ಪುಸ್ತಕಗಳು ಮಾಡುವುದು ಅದನ್ನೇ. ಆದರೆ ಮಗಳ ಮುಖದಲ್ಲಿ ಒಪ್ಪಿಗೆ ಕಾಣುವುದಿಲ್ಲ. ಅವಳ ತರಗತಿಯಲ್ಲಿ ನಾನಾ ಜಾತಿಯ, ನಾನಾ ಮನೆಯ ಮಕ್ಕಳಿದ್ದಾರೆ, ಅವರಲ್ಲಿ ಯಾರ ಬೆರಳೂ ಹೋಗಬಾರದೆಂದು ಅವಳಿಗೆ ಗೊತ್ತು. ಆಗ ತಂದೆ, ಅದು ಅನ್ಯಾಯವೇ ಸರಿ ಎಂದು ಒಪ್ಪಿಕೊಂಡರೆ ಧರ್ಮಕ್ಕೆ ಚ್ಯುತಿ ಬರುತ್ತದೆಯೆ? ಮೂಲವನ್ನು ತೆರೆದು ನೋಡಿದರೆ ಅಲ್ಲಿ ದ್ರೋಣನ ಬೇಡಿಕೆಯನ್ನು ದಾರುಣವೆಂದೇ ಕರೆದಿದೆ. ಕವಿ ಮುಚ್ಚಿಡದ ಮಾತನ್ನು ಮಕ್ಕಳ ಪುಸ್ತಕ ಏಕೆ ಮುಚ್ಚಿಡಬೇಕು?

ದ್ಯೂತಸಭೆಯ ಮಾತೂ ಹೀಗೆಯೇ. ತನ್ನನ್ನೇ ಸೋತವನಿಗೆ ನನ್ನನ್ನು ಪಣವಿಡುವ ಹಕ್ಕಿತ್ತೆ ಎಂದು ದ್ರೌಪದಿ ಕೇಳುತ್ತಾಳೆ. ಭೀಷ್ಮನಂಥವನು ಧರ್ಮ ಸೂಕ್ಷ್ಮವೆಂದು ನುಣುಚಿಕೊಳ್ಳುತ್ತಾನೆ. ಎದ್ದು ನಿಂತು ಇದು ಅನ್ಯಾಯವೆನ್ನುವವನು ಕೌರವರಲ್ಲಿಯೇ ಒಬ್ಬನಾದ ವಿಕರ್ಣ. ಸೀರೆ ಮುಗಿಯದೆ ಬೆಳೆದ ಚಿತ್ರವನ್ನು ಎಲ್ಲ ಪುಸ್ತಕಗಳೂ ಅಚ್ಚುಹಾಕುತ್ತವೆ. ಉತ್ತರ ಬಾರದ ಆ ಪ್ರಶ್ನೆಯನ್ನೂ, ತನ್ನವರ ನಡುವೆ ಒಂಟಿಯಾಗಿ ನಿಂತ ವಿಕರ್ಣನನ್ನೂ ಅಚ್ಚುಹಾಕುವುದು ಕೆಲವೇ. ತರಗತಿಯಲ್ಲಿ ಎಲ್ಲರೂ ಸೇರಿ ಒಬ್ಬನನ್ನು ಗೇಲಿಮಾಡುವಾಗ ಎದ್ದು ನಿಲ್ಲಬೇಕಾದ ಹುಡುಗನಿಗೆ ಬೇಕಾದವನು ವಿಕರ್ಣನೇ.

ಕಥೆಗೆ ಒಂದೇ ರೂಪವಿರಬೇಕೆಂಬ ಹಟವೂ ಕನ್ನಡದ ಮನೆಗೆ ಹೊಸದು. ಸುಮಾರು 941ರಲ್ಲಿ ಪಂಪ ಭಾರತವನ್ನು ಹೇಳಿದಾಗ ದ್ರೌಪದಿ ಅರ್ಜುನನೊಬ್ಬನ ಪತ್ನಿ. ಕರ್ಣನಿಗೆ ಅವನು ಕೊಟ್ಟ ಮನ್ನಣೆ ಅಸಾಧಾರಣವಾದುದು. ನಾಗಚಂದ್ರನ ರಾಮಕಥೆಯಲ್ಲಿ ರಾವಣ ಪಶ್ಚಾತ್ತಾಪಪಡುವವನು. ಕುಮಾರವ್ಯಾಸ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದ; ಉಳಿದವನ್ನು ತಿಮ್ಮಣ್ಣ ಕವಿ ಪೂರೈಸಿದ. ಒಂದೇ ಕಥೆಯನ್ನು ಎರಡು ಬಗೆಯಲ್ಲಿ ಕೇಳಿದ ಮಗು, ಯಾವುದು ನಿಜ ಎಂದು ಕೇಳುತ್ತದೆ. ಇಬ್ಬರು ಕವಿಗಳು ಏಕೆ ಬೇರೆಬೇರೆಯಾಗಿ ಕಂಡರು ಎಂದು ಅದನ್ನು ಯೋಚನೆಗೆ ಹಚ್ಚಿದರೆ ಆ ಸಂಜೆ ಸಾರ್ಥಕ.

ಒಂದು ಕಾಲದಲ್ಲಿ ಈ ಗ್ರಂಥಗಳಲ್ಲಿ ಮುಖ್ಯವಾದುವನ್ನು ಓದುವ ಹಕ್ಕು ಎಲ್ಲರಿಗೂ ಇರಲಿಲ್ಲವೆಂಬುದನ್ನೂ ಮಕ್ಕಳಿಗೆ ಮರೆಸಬಾರದು. ಹೆಣ್ಣುಮಕ್ಕಳಿಗೂ ಶೂದ್ರರಿಗೂ ವೇದ ದೂರವಾಗಿತ್ತು. ಅವರ ಹಿತಕ್ಕಾಗಿಯೇ ವ್ಯಾಸರು ಭಾರತವನ್ನು ರಚಿಸಿದರೆಂದು ಭಾಗವತ ಹೇಳುತ್ತದೆ. ಆ ಅರ್ಧ ತೆರೆದ ಬಾಗಿಲನ್ನು ಪೂರ್ತಿ ತೆರೆದದ್ದು ದೇಶಭಾಷೆಯ ಕವಿಗಳು, ಅವರ ನಂತರ ಮುದ್ರಣಯಂತ್ರ. ಗಾರ್ಗಿ ಜನಕನ ಸಭೆಯಲ್ಲಿ ಯಾಜ್ಞವಲ್ಕ್ಯನಿಗೆ ಹಾಕಿದ ಸವಾಲನ್ನು ಕೆಲವೇ ರೂಪಾಯಿಗಳ ಕನ್ನಡ ಪುಸ್ತಕದಲ್ಲಿ ಯಾವ ಮನೆಯ ಹುಡುಗಿಯಾದರೂ ಇಂದು ಓದಬಹುದು. ಸುಲಭ ಪುಸ್ತಕವೆಂದರೆ ಕೀಳು ದರ್ಜೆಯದೆಂದು ಮೂಗುಮುರಿಯುವ ಪಂಡಿತರು ಈ ಒಂದು ಸಂಗತಿಯನ್ನು ನೆನೆಯಬೇಕು.

ಹಾಗಾದರೆ ಮನೆಯಲ್ಲಿ ಮಾಡಬೇಕಾದುದೇನು? ಅದು ದೊಡ್ಡ ವ್ರತವೇನಲ್ಲ. ಗಾಜಿನ ಕಪಾಟಿನಿಂದ ಒಂದು ಪುಸ್ತಕ ಮಗುವಿನ ದಿಂಬಿನ ಪಕ್ಕಕ್ಕೆ ಇಳಿಯಬೇಕು. ಹಾಳೆ ಹರಿದರೆ ಅಂಟು ಇದೆ. ಮಗು ಕನ್ನಡವನ್ನು ತಡವರಿಸಿ ಓದುವುದಾದರೆ ಅದನ್ನು ಪರೀಕ್ಷಿಸದೆ ಹಿರಿಯರು ಗಟ್ಟಿಯಾಗಿ ಓದಬೇಕು. ರಾತ್ರಿ ಹದಿನೈದು ನಿಮಿಷ ಸಾಕು. ಏಳೆಂಟರ ವಯಸ್ಸಿಗೆ ನಾಯಿಮರಿ, ಮುಂಗುಸಿ, ಹನುಮಂತ. ಹತ್ತರ ಮೇಲೆ ಏಕಲವ್ಯ, ಸತ್ಯಕಾಮ. ಹದಿಮೂರಕ್ಕೆ ವಚನ ಭಾರತವನ್ನೇ ಕೈಗೆ ಕೊಡಬಹುದು. ಓದಿದ ಮೇಲೆ, ಇದರಿಂದ ಏನು ಕಲಿತೆ ಎಂದು ಕೇಳದಿರುವುದು ಅತ್ಯಂತ ಮುಖ್ಯ. ಆ ಪ್ರಶ್ನೆಯನ್ನು ಶಾಲೆ ಹಗಲೆಲ್ಲ ಕೇಳುತ್ತಿರುತ್ತದೆ. ಮಗು ತಾನಾಗಿ ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ, ತಿಳಿಯದು, ನಾಳೆ ಇಬ್ಬರೂ ಹುಡುಕೋಣ ಎನ್ನಲು ಜಬಾಲೆಯ ನೇರನುಡಿಯೇ ಮಾದರಿ.

ಛಾಂದೋಗ್ಯದ ಶ್ವೇತಕೇತು ಹನ್ನೆರಡು ವರ್ಷ ಹೊರಗೆ ಓದಿ, ಎಲ್ಲ ಬಂದಿತೆಂಬ ಬಿಂಕದಿಂದ ಮನೆಗೆ ಹಿಂದಿರುಗಿದ. ತಂದೆ ಉದ್ದಾಲಕ ಒಂದು ಪ್ರಶ್ನೆ ಕೇಳಿದ. ಮಗನಿಗೆ ಉತ್ತರ ಬರಲಿಲ್ಲ. ಆಗ ತಂದೆ ಅವನನ್ನು ಬೇರೊಬ್ಬ ಗುರುವಿನ ಬಳಿಗೆ ಕಳುಹಿಸದೆ ತಾನೇ ಕುಳಿತು ಪಾಠ ಹೇಳಿದ. ಹದಿನೈದು ದಿನ ಊಟ ಬಿಡಿಸಿ, ಹಸಿದಾಗ ಕಲಿತದ್ದೊಂದೂ ನೆನಪಿಗೆ ಬಾರದೆಂದು ತೋರಿಸಿದ. ಇಂದಿನ ಮಕ್ಕಳಿಗೆ ಇದನ್ನು ಮಾಡಿ ತೋರಿಸುವುದು ಬೇಡ, ಹೇಳಿದರೆ ಸಾಕು. ಆಲದ ಹಣ್ಣನ್ನು ಒಡೆಯಿಸಿ, ಅದರ ಬೀಜವನ್ನೂ ಒಡೆಯಿಸಿ, ಒಳಗೆ ಏನು ಕಾಣುತ್ತದೆಂದು ಕೇಳಿದ. ನೀರಿನಲ್ಲಿ ಉಪ್ಪು ಹಾಕಿಸಿ, ಮರುದಿನ ಬೆಳಿಗ್ಗೆ ಆ ಉಪ್ಪನ್ನು ತೆಗೆದುಕೊಡು ಎಂದ. ಮಗ ಹುಡುಕಿದ, ಸಿಗಲಿಲ್ಲ. ಮೇಲಿಂದ ಕುಡಿದು ನೋಡಿದ, ನಡುವಿನಿಂದ ಕುಡಿದು ನೋಡಿದ, ತಳದಿಂದ ಕುಡಿದು ನೋಡಿದ. ಈ ಪಾಠಕ್ಕೆ ಬೇಕಾದ ಸಲಕರಣೆ ಯಾವ ಅಡುಗೆಮನೆಯಲ್ಲಿಯೂ ಇದೆ: ಒಂದು ಲೋಟ ನೀರು, ಒಂದು ಚಿಟಿಕೆ ಉಪ್ಪು, ಮತ್ತು ಬೆಳಗಾಗುವವರೆಗೆ ಕಾಯುವ ತಾಳ್ಮೆ.